ಪದಚರ್ಚೆ: ವೇಪ್ ‘ಸೇದೋದಾ’, ‘ಎಳೆಯೋದಾ’? ಬೋರ್ಡಿನಲ್ಲಿ ‘ಧೂಮಪಾನ’ ಒಂದೇ ಸಾಕಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಭಾವ ಹಾಸನದ ಹತ್ತಿರ ಹೈವೇಯಲ್ಲಿ ಹೋಟೆಲ್ ನಡೆಸುತ್ತಾರೆ. ಬಸ್ಸು, ಲಾರಿ, ಕಾಲೇಜು ಹುಡುಗರ ಕಾರು, ಎಲ್ಲವೂ ನಿಲ್ಲುವ ಜಾಗ. ಊಟದ ಟೇಬಲ್ ಹತ್ತಿರ ಸಿಗರೇಟು, ವೇಪ್ (ಅಂದರೆ ಇ-ಸಿಗರೇಟು) ಎರಡೂ ಬೇಡ ಅಂತ ಕನ್ನಡದಲ್ಲಿ ಒಂದು ಬೋರ್ಡ್ ಬರೆದುಕೊಡು ಅಂದಿದ್ದಾರೆ. ಬರೆಯೋಕೆ ಕೂತರೆ ಮೂರ್ನಾಲ್ಕು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ. ನಿಮ್ಮ ಕಡೆಯ ಬಳಕೆ ತಿಳಿಸಿದರೆ ನಿಜಕ್ಕೂ ಉಪಕಾರ.

ಮೊದಲು ‘ಧೂಮಪಾನ’. ಇದನ್ನು ಪೂರ್ತಿ ಕೈಬಿಡುವ ಹಾಗಿಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಇಂಥ ಜಾಗದಲ್ಲಿ ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಫಲಕ ಹಾಕಲೇಬೇಕು. ಅದರ ಮೇಲಿನ ಮಾತೂ ನಿಯಮದಲ್ಲೇ ಗೊತ್ತಾಗಿದೆ. ಇಲ್ಲಿ ಧೂಮಪಾನ ಮಾಡುವುದು ಅಪರಾಧ ಅಂತ ಕನ್ನಡದಲ್ಲಿ ಎಲ್ಲ ಕಡೆ ನೋಡುತ್ತೇವಲ್ಲ, ಅದೇ. ಆ ಫಲಕ ಇರಲಿ. ಅದರ ಕೆಳಗೆ ಜನರ ಮಾತಿನಲ್ಲಿ ಇನ್ನೊಂದು ಬೋರ್ಡ್ ಹಾಕೋಣ ಅನ್ನೋದು ನನ್ನ ಯೋಚನೆ.

ಯಾಕೆಂದರೆ ಧೂಮಪಾನ ಅನ್ನೋ ಪದವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. “ಸ್ವಲ್ಪ ಧೂಮಪಾನ ಮಾಡಿ ಬರ್ತೀನಿ” ಅಂದವರನ್ನು ನಾನಂತೂ ಕಂಡಿಲ್ಲ. ಪದ ತುಂಬ ಹಳೆಯದು. ಆಯುರ್ವೇದದಲ್ಲಿ ಮೂಲಿಕೆಗಳ ಹೊಗೆಯನ್ನು ಒಳಗೆ ಎಳೆದುಕೊಳ್ಳುವ ಚಿಕಿತ್ಸೆಗೆ ಧೂಮಪಾನ ಅಂತ ಹೆಸರು, ಚರಕ ಸಂಹಿತೆಯಲ್ಲೇ ಇದೆ. ತಂಬಾಕು ಪೋರ್ಚುಗೀಸರ ಜೊತೆ ಇಲ್ಲಿಗೆ ಬರುವುದಕ್ಕಿಂತ ಎಷ್ಟೋ ಕಾಲ ಮೊದಲಿನ ಮಾತು. ‘ಪಾನ’ ಅಂದರೆ ಕುಡಿಯುವುದು. ಹಿಂದಿಯಲ್ಲಿ ಸಿಗರೇಟ್ ‘ಪೀನಾ’, ತೆಲುಗಿನಲ್ಲಿ ಪೊಗ ‘ತಾಗು’, ಅವರಿಗೆ ಕುಡಿಯುವುದು ಸಹಜವಾಗಿ ಒಗ್ಗುತ್ತದೆ. ತಮಿಳಿನಲ್ಲಿ ಹೊಗೆ ಹಿಡಿಯುತ್ತಾರೆ. ನಾವು ಸೇದುತ್ತೇವೆ, ಇಲ್ಲ ಎಳೆಯುತ್ತೇವೆ. ಮಲಯಾಳದ ‘ಪುಕವಲಿ’, ಮರಾಠಿಯ ‘ಓಢಣೆ’ ಕೂಡ ಎಳೆಯುವುದೇ. ಬಾವಿಯಿಂದ ನೀರು ಸೇದುವುದು, ಬೀಡಿ ಸೇದುವುದು, ನಶ್ಯ ಸೇದುವುದು, ಎಲ್ಲದರಲ್ಲೂ ಎಳೆದು ತಂದುಕೊಳ್ಳುವ ಕೆಲಸವೇ ಇದೆ. ನನಗೆ ಇದು ಬಹಳ ಇಷ್ಟವಾದ ಕ್ರಿಯಾಪದ.

ಇನ್ನೊಂದು ಲಾಭವೂ ಇದೆ. ‘ಸೇದು’ ಅನ್ನುವುದರಲ್ಲಿ ಹೊಗೆಯ ಮಾತೇ ಇಲ್ಲ. ವೇಪ್ ಹಿಡಿದ ಹುಡುಗರು ಸಾಮಾನ್ಯವಾಗಿ ಹೇಳುವುದು ಎರಡು ಮಾತು: ಇದು ಹೊಗೆ ಅಲ್ಲ, ಇದರಲ್ಲಿ ನಿಕೋಟಿನ್ ಇಲ್ಲ. ‘ಧೂಮ’ ಅಂತ ಬರೆದರೆ ಮೊದಲನೇ ಮಾತಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. 2003ರ ತಂಬಾಕು ಕಾಯ್ದೆಯ ವ್ಯಾಖ್ಯೆಯೂ ತಂಬಾಕು ಸೇದುವುದರ ಬಗ್ಗೆಯೇ ಇದೆ, ಸಿಗರೇಟು, ಚುಟ್ಟಾ, ಬೀಡಿ, ಪೈಪು ಹೀಗೆ. ಇ-ಸಿಗರೇಟಿಗೆ 2019ರಲ್ಲಿ ಬೇರೆಯೇ ಕಾಯ್ದೆ ಬಂತು. ಅದರಲ್ಲಿ ನಿಕೋಟಿನ್ ಇರಲಿ, ಇಲ್ಲದಿರಲಿ, ಬರೀ ಫ್ಲೇವರ್ ಇರಲಿ, ಬಿಸಿ ಮಾಡಿ ಒಳಗೆ ಎಳೆದುಕೊಳ್ಳುವ ಉಪಕರಣ ಎಲ್ಲವೂ ಸೇರಿದೆ. ಇ-ಹುಕ್ಕಾ ಕೂಡ. ಹಾಗಾಗಿ “ವೇಪ್ ಸೇದಬೇಡಿ” ಅಂದರೆ ಎರಡು ವಾದಕ್ಕೂ ಜಾಗ ಇರುವುದಿಲ್ಲ ಅಲ್ವಾ?

ಈ ವಿಷಯದಲ್ಲಿ ಒಂದು ಹೊಸ ಪದದ ಬಗ್ಗೆ ನನ್ನ ವಿರೋಧ ಹೇಳಿಬಿಡುತ್ತೇನೆ. ಪರಿಚಯದವರೊಬ್ಬರು ವೇಪ್‌ಗೆ ‘ಹಬೆ ಸಿಗರೇಟು’ ಅನ್ನೋಣ ಅಂದರು. ದಯವಿಟ್ಟು ಬೇಡ. ಹಬೆ ಅಂದ ಕೂಡಲೇ ನಮಗೆ ನೆನಪಾಗುವುದು ಇಡ್ಲಿ ಪಾತ್ರೆ, ಇಲ್ಲ ನೆಗಡಿಯಾದಾಗ ಅಮ್ಮ ಹೊದಿಕೆ ಹೊದಿಸಿ ಕೊಡುತ್ತಿದ್ದ ಹಬೆ. ಎರಡೂ ಒಳ್ಳೆಯದೇ. ಆ ಪದವನ್ನು ಇದಕ್ಕೆ ಹಚ್ಚಿದರೆ ವಸ್ತು ಸುಮ್ನೆ ನೀರಿನ ಆವಿ ಅನ್ನೋ ಭಾವನೆ ಗಟ್ಟಿಯಾಗುತ್ತದೆ. ಅದರಿಂದ ಬರುವುದು ನೀರಿನ ಆವಿ ಅಲ್ಲ, ರಾಸಾಯನಿಕ ದ್ರವ ಬಿಸಿಯಾಗಿ ಏಳುವ ಸಣ್ಣ ಸಣ್ಣ ಹನಿಗಳು. ‘ಆವಿ’ಗೂ ಇದೇ ತೊಂದರೆ. ಒಪ್ಪುವ ಕನ್ನಡ ಪದ ಸಿಗುವವರೆಗೆ ವೇಪ್ ಅಂತಲೇ ಬರೆಯುವುದು ಪ್ರಾಮಾಣಿಕ. ಹೆಸರು ಹೊರಗಿನದಾದರೂ ಕ್ರಿಯಾಪದ ನಮ್ಮದಿದ್ದರೆ ಸಾಕು. ‘ಹುಕ್ಕಾ’ಗಂತೂ ನಮ್ಮಲ್ಲಿ ಗುಡುಗುಡಿ ಅನ್ನೋ ಚೆಂದದ ಪದ ಇತ್ತು, ಆದರೆ ಹುಕ್ಕಾ ಬಾರ್ ಬಂದಮೇಲೆ ಅದು ಮರೆಗೆ ಹೋಯಿತು.

ಎರಡನೆಯದು ‘ಸಾರ್ವಜನಿಕ ಸ್ಥಳ’. ಇದರಿಂದ ಆಗುವ ಗೊಂದಲ ಜಾಸ್ತಿ. ಜನರ ಮನಸ್ಸಿನಲ್ಲಿ ಸಾರ್ವಜನಿಕ ಅಂದರೆ ಸರ್ಕಾರದ್ದು: ಸಾರ್ವಜನಿಕ ಆಸ್ಪತ್ರೆ, ಸಾರ್ವಜನಿಕ ಗ್ರಂಥಾಲಯ. “ಇದು ನಮ್ಮ ಸ್ವಂತ ಹೋಟೆಲ್, ಸಾರ್ವಜನಿಕ ಹೇಗಾಗುತ್ತೆ?” ಅಂತ ಭಾವನೇ ಕೇಳಿದರು. ಕಾಯ್ದೆಯ ಅರ್ಥ ಬೇರೆ. ಹಕ್ಕಿನಿಂದಲೋ ಹಾಗೇ ಸುಮ್ಮನೆಯೋ ಜನ ಬಂದು ಹೋಗುವ ಯಾವ ಜಾಗವಾದರೂ ಸಾರ್ವಜನಿಕ ಸ್ಥಳವೇ. ಹೋಟೆಲ್ ಹೆಸರು ಅದರಲ್ಲಿ ನೇರವಾಗಿಯೇ ಇದೆ. ಮಾಲೀಕರಿಗೆ ಇದು ಗೊತ್ತಿರಲೇಬೇಕು, ಏಕೆಂದರೆ ದೂರು ಬಂದರೂ ಸುಮ್ಮನಿದ್ದರೆ ದಂಡ ಅವರಿಗೂ ಬೀಳುತ್ತದೆ, ಟೇಬಲ್ ಮೇಲೆ ಆಶ್‌ಟ್ರೇ, ಬೆಂಕಿಪೊಟ್ಟಣ ಇಡುವ ಹಾಗೂ ಇಲ್ಲ. ಹಾಗಾಗಿ ‘ಜನ ಬಂದು ಹೋಗುವ ಜಾಗ’ ಅಂತ ಬರೆಯೋಣ ಅನ್ನಿಸುತ್ತಿದೆ. ಉದ್ದವಾಯಿತು ಅನ್ನುವವರು ಚಿಕ್ಕದೊಂದು ಪದ ಕೊಡಿ. ‘ಬಯಲು’ ಕೂಡ ಹೀಗೇ ಕೈಕೊಡುತ್ತದೆ. ಬಯಲು ಜಾಗ ಈ ವ್ಯಾಖ್ಯೆಗೆ ಸೇರುವುದಿಲ್ಲ ಅಂತ ಕಾಯ್ದೆ ಹೇಳುತ್ತದೆ, ಆದರೆ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಸ್ಟೇಡಿಯಂಗಳನ್ನು ಆ ಬಯಲಿನಿಂದ 2008ರ ನಿಯಮ ಹೊರಗಿಟ್ಟಿದೆ. ಮೇಲೆ ಸೂರು ಇಲ್ಲ ಅಂದಮಾತ್ರಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಸೇದಬಹುದು ಅಂತಲ್ಲ.

ಮೂರನೆಯದು ಆ ತಂಬಾಕು ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದ ಬಂದ ಪ್ರಶ್ನೆ. 2024ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು 2025ರಲ್ಲಿ ಜಾರಿಗೆ ಬಂದ ಇದರಲ್ಲಿ ದಂಡ 200 ರೂಪಾಯಿಯಿಂದ 1000ಕ್ಕೆ ಏರಿತು. ಕೊಳ್ಳುವ ವಯಸ್ಸು 18ರಿಂದ 21 ಆಯಿತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು. ನಮ್ಮ ಚರ್ಚೆಗೆ ಮುಖ್ಯವಾದದ್ದು ಇನ್ನೊಂದು: ತಂಬಾಕು ಜಗಿದು ಉಗುಳುವುದೂ ಈಗ ತಪ್ಪು. ಅಂದರೆ ‘ಧೂಮಪಾನ ನಿಷೇಧ’ ಅನ್ನೋ ಬೋರ್ಡ್ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಕಚೇರಿ ಭಾಷೆಯಲ್ಲಿ ‘ತಂಬಾಕು ಬಳಕೆ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆಡುಮಾತಿನಲ್ಲಿ ಅಂಥ ಒಂದೇ ಪದ ಇಲ್ಲ. ಬೀಡಿ ಸೇದುತ್ತೇವೆ, ಗುಟ್ಕಾ ಹಾಕುತ್ತೇವೆ, ಹೊಗೆಸೊಪ್ಪು ಜಗಿಯುತ್ತೇವೆ, ನಶ್ಯ ಏರಿಸುತ್ತೇವೆ. ಇಷ್ಟೊಂದು ಬೇರೆ ಬೇರೆ ಕ್ರಿಯಾಪದ ಇರುವಾಗ ಒಂದೇ ‘ಬಳಕೆ’ಯಲ್ಲಿ ಎಲ್ಲವನ್ನೂ ತುಂಬಿದರೆ ಲಾರಿ ಡ್ರೈವರಣ್ಣನಿಗೆ ಅದು ತನ್ನ ಬಾಯಲ್ಲಿರುವ ಗುಟ್ಕಾದ ಮಾತು ಅಂತ ಹೊಳೆಯುತ್ತದಾ?

‘ನಿಷೇಧಿಸಲಾಗಿದೆ’ ಬಗ್ಗೆ ಹೆಚ್ಚು ಹೇಳಲ್ಲ. ಯಾರಿಗೆ ಹೇಳುತ್ತಿದ್ದಾರೆ ಅನ್ನೋದೇ ಅದರಲ್ಲಿ ಇಲ್ಲ. ‘ಬೇಡಿ’ ಅಂದರೆ ಎದುರಿಗೆ ನಿಂತು ಹೇಳಿದ ಹಾಗೆ, ಮರ್ಯಾದೆಯೂ ಇದೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ:

“ಇದು ಜನ ಬಂದು ಹೋಗುವ ಜಾಗ. ಬೀಡಿ, ಸಿಗರೇಟು ಸೇದಬೇಡಿ. ತಂಬಾಕು, ಗುಟ್ಕಾ ಜಗಿದು ಉಗುಳಬೇಡಿ. 1000 ರೂಪಾಯಿವರೆಗೆ ದಂಡ ಬೀಳುತ್ತದೆ. ನಮ್ಮ ಹೋಟೆಲಿನಲ್ಲಿ ವೇಪ್ ಕೂಡ ಸೇದಬೇಡಿ.”

ವೇಪ್ ಸಾಲನ್ನು ದಂಡದಿಂದ ಬೇರೆ ಇಟ್ಟಿದ್ದು ಬೇಕೆಂದೇ. ಆ 1000 ತಂಬಾಕು ಕಾಯ್ದೆಯ ದಂಡ. 2019ರ ಕಾಯ್ದೆಯ ಹೆಸರಿನಲ್ಲಿ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲ ಇವೆ, ಸೇದುವುದು ಇಲ್ಲ. ಮಾರುವವರಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಬೋರ್ಡಿನಲ್ಲಿ ಇಲ್ಲದ ದಂಡ ಬರೆದು ಹೆದರಿಸುವುದು ಸರಿಯಲ್ಲ. ಹಾಗೇ ‘ವರೆಗೆ’ ಅನ್ನೋದನ್ನೂ ಬಿಡಬೇಡಿ, ಎಷ್ಟೋ ಬೋರ್ಡಿನಲ್ಲಿ ಅದನ್ನೇ ನುಂಗಿಬಿಟ್ಟಿರುತ್ತಾರೆ.

ನಿಮ್ಮಿಂದ ತಿಳಿಯಬೇಕಾದದ್ದು: ಧಾರವಾಡ, ಕಲಬುರಗಿ ಕಡೆ ವೇಪ್‌ಗೆ ಹುಡುಗರು ‘ಸೇದು’ ಅಂತಾರಾ, ‘ಎಳಿ’ ಅಂತಾರಾ, ‘ಹೊಡಿ’ ಅಂತಾರಾ? ಮಂಗಳೂರು, ಉಡುಪಿ ಕಡೆ ಹೇಗೆ? ‘ಜಗಿ’ಯ ಬದಲು ‘ಅಗಿ’ ಅಂದರೆ ಎಲ್ಲರಿಗೂ ತಿಳಿಯುತ್ತದಾ? ಪೇಂಟರ್ ಮುಂದಿನ ವಾರ ಬರುತ್ತಾನೆ, ಅಷ್ಟರೊಳಗೆ ಬರೆದರೆ ಬೋರ್ಡಿನಲ್ಲಿ ತಿದ್ದಬಹುದು.