ಪದಚರ್ಚೆ: ‘ಸ್ಟ್ರಾಂಗ್, ಮಾಲ್ಟಿ’ ಲಾಗರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿರುವ ನಾವು ಕೆಲವು ಕನ್ನಡದವರು ಇಲ್ಲಿ ಸಿಗುವ ಬಿಯರ್‌ಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆದಿಡುತ್ತಿದ್ದೇವೆ. 2009ರಲ್ಲಿ ದೂಲಾಲಿ ಎಂಬ ಬ್ರೂಪಬ್ (ಬಿಯರನ್ನು ತಾನೇ ಮಾಡಿ ಕೊಡುವ ಪಬ್) ಶುರುವಾದದ್ದು ಇದೇ ಊರಲ್ಲಿ. ಆಮೇಲೆ ಬ್ರೂಪಬ್‌ಗಳಿಗೆ ಇಲ್ಲಿ ಕೊರತೆಯೇ ಇಲ್ಲ. ಗೋಧಿ ಬಿಯರ್, ಆಪಲ್ ಸೈಡರ್ ಇವೆಲ್ಲ ಸಲೀಸಾಗಿ ಮುಗಿದವು. ಕೆಲಸ ನಿಂತಿರುವುದು ಅಕ್ಟೋಬರ್‌ಫೆಸ್ಟ್ (ಜರ್ಮನಿಯ ಮ್ಯೂನಿಕ್‌ನ ಬಿಯರ್ ಹಬ್ಬ) ಬಗೆಯ ಲಾಗರ್, ಅಂದರೆ ತಂಪಿನಲ್ಲಿ ಇಟ್ಟು ಮಾಗಿಸಿದ ಬಿಯರ್ ಹತ್ತಿರ. ಎಲ್ಲರೂ ಅದನ್ನು ‘ಸ್ಟ್ರಾಂಗ್, ಮಾಲ್ಟಿ’ ಅನ್ನುತ್ತಾರೆ. ಈ ಎರಡು ಪದಕ್ಕೆ ಕನ್ನಡದಲ್ಲಿ ಏನು ಬರೆಯೋಣ?

ನಮ್ಮಲ್ಲಿ ಒಬ್ಬರು ಮಾಲ್ಟಿಗೆ ‘ಸಿಹಿಯಾದ’ ಎಂದು ಬರೆದರು. ಇನ್ನೊಬ್ಬರು ಸ್ಟ್ರಾಂಗ್‌ಗೆ ‘ಕಡಕ್’ ಎಂದರು. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸರಿ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳೋಕೆ ಮೊದಲು ಗ್ಲಾಸಿನೊಳಗೆ ಏನಿದೆ ಅಂತ ನೋಡಬೇಕು.

ಬಣ್ಣ ತಾಮ್ರದ್ದು. ಗ್ಲಾಸಿನ ಆಚೆ ಹಿಡಿದ ಬೆರಳು ಈಚೆಗೆ ಕಾಣುವಷ್ಟು ತಿಳಿ. ನೊರೆ ಅಚ್ಚ ಬಿಳಿಯಲ್ಲ, ಕೆನೆಯ ಬಣ್ಣ. ಮೂಗಿನ ಹತ್ತಿರ ತಂದರೆ ಬ್ರೆಡ್ಡಿನ ಕಂದು ಅಂಚಿನ ಘಮ. ಮೊದಲ ಗುಟುಕಿಗೆ ಸಿಹಿ ಇದೆ ಅನಿಸುತ್ತದೆ. ನುಂಗಿದ ಮೇಲೆ ಆ ಸಿಹಿ ನಿಲ್ಲುವುದಿಲ್ಲ. ಬಾಯಿ ಒಣಗಿದ ಹಾಗಾಗಿ, ಹುರಿದ ಕಾಳಿನ ರುಚಿ ಮಾತ್ರ ನಾಲಿಗೆ ಮೇಲೆ ಉಳಿಯುತ್ತದೆ. ಹಾಪ್ಸ್‌ನ (ಬಿಯರ್‌ಗೆ ಹಾಕುವ ಕಹಿ ಹೂವಿನ) ಕಹಿ ಇದೆ, ಆದರೆ ಮುಂದೆ ಬಂದು ನಿಲ್ಲುವುದಿಲ್ಲ. ಬಿಯರ್ ತೀರಾ ತಣ್ಣಗಿದ್ದರೆ ಘಮ ಏಳುವುದೇ ಇಲ್ಲ. ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿಟ್ಟರೆ ಏಳುತ್ತದೆ. ಪುಣೆಯ ಅಕ್ಟೋಬರ್ ಬಿಸಿಲಿಗೆ ಎಲ್ಲರಿಗೂ ಕೊರೆಯುವಷ್ಟು ತಣ್ಣಗಿರುವುದೇ ಬೇಕು. ಹಾಗಾಗಿ ಬಹಳ ಜನರಿಗೆ ಇದರ ಅಸಲಿ ರುಚಿ ಸಿಕ್ಕೇ ಇಲ್ಲ ಅಂತ ನನಗೆ ಅನುಮಾನ.

ಈಗ ಸಿಹಿಯ ವಿಷಯ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಕಾಯಿಸಿದರೆ ಅದು ಮಾಲ್ಟ್. ಮೊಳಕೆ ಬರುವಾಗ ಕಾಳಿನೊಳಗೆ ಕಿಣ್ವಗಳು ತಯಾರಾಗುತ್ತವೆ. ಮುಂದೆ ಬಿಸಿನೀರಿಗೆ ಹಾಕಿದಾಗ ಅವೇ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಆ ಸಕ್ಕರೆಯ ಬಹುಪಾಲನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಆದರೆ ಮಾಲ್ಟ್ ಕಾಯಿಸುವಾಗ ಹುಟ್ಟಿದ ಕಂದು ಬಣ್ಣವನ್ನೂ ಘಮವನ್ನೂ ಯೀಸ್ಟ್ ಅಷ್ಟಾಗಿ ಮುಟ್ಟುವುದಿಲ್ಲ. ಸಕ್ಕರೆ ಹೋಗುತ್ತದೆ, ಘಮ ಉಳಿಯುತ್ತದೆ. ಮಾಲ್ಟಿ ಅಂದರೆ ಹೀಗೆ ಉಳಿದದ್ದು. ಅದನ್ನು ಸಿಹಿ ಅಂತ ಬರೆದರೆ ಓದಿದವರು ಷರಬತ್ತು ಅಂದುಕೊಂಡು ಹೋಗುತ್ತಾರೆ.

(ನಡುವೆ ಒಂದು ಮಾತು. ಶಾಲೆಯ ಪುಸ್ತಕದಲ್ಲಿ ನಾವು ಓದಿದ ‘ಕಿಣ್ವ’ ಎನ್ನುವ ಪದ ಹುಟ್ಟಿದ್ದೇ ಹೆಂಡದ ಮನೆಯಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ವಿಷಯ ಬರುವಲ್ಲಿ, ಸುರೆ ಹುದುಗಲು ಹಾಕುವ ಹೆಪ್ಪಿಗೆ ಕಿಣ್ವ ಎಂದಿದೆ. ನಮ್ಮ ವಿಜ್ಞಾನದವರು ಅದನ್ನು ತಂದು ಬೇರೆ ಕೆಲಸಕ್ಕೆ ಹಚ್ಚಿದರು. ಒಳ್ಳೆಯ ಕೆಲಸವನ್ನೇ ಮಾಡಿದರು.)

ಹಾಗಾದರೆ ನಮ್ಮ ಗೆಳೆಯರಿಗೆ ಸಿಹಿ ಎಂದು ಯಾಕೆ ಹೊಳೆಯಿತು? ರಾಗಿ ಮಾಲ್ಟ್‌ನಿಂದ ಅಂತ ಕಾಣುತ್ತದೆ. ಮಾಲ್ಟ್ ಎನ್ನುವ ಪದ ಕನ್ನಡಕ್ಕೆ ಬಂದು ಎಷ್ಟೋ ಕಾಲವಾಯಿತು. ಆದರೆ ಬರುತ್ತಾ ಬರುತ್ತಾ ಅದರ ಅರ್ಥ ಜರುಗಿದೆ. ಮೂಲದಲ್ಲಿ ಅದು ಮೊಳಕೆ ಬರಿಸಿ ಕಾಯಿಸಿದ ಕಾಳು. ನಮ್ಮಲ್ಲಿ ಅದು ಹಾಲು, ಬೆಲ್ಲ ಹಾಕಿ ಲೋಟದಲ್ಲಿ ಕೊಡುವ ಪಾನೀಯ. ಮೊಳಕೆ ಬರಿಸದ ರಾಗಿಹಿಟ್ಟು ಕದಡಿ ಕೊಟ್ಟರೂ ರಾಗಿ ಮಾಲ್ಟ್ ಅಂತಲೇ ಹೆಸರು. ಹೀಗಾಗಿ ಕನ್ನಡದ ಕಿವಿಗೆ ‘ಮಾಲ್ಟಿ’ ಎಂದ ಕೂಡಲೇ ಬೆಲ್ಲ ನೆನಪಾಗುತ್ತದೆ. ತಪ್ಪು ಅವರದಲ್ಲ, ಪದ ನಡೆದು ಬಂದ ದಾರಿಯದು.

ಬಾರ್ಲಿಗೂ ಇಂಥದೇ ತೊಡಕು. ಪದಕೋಶಗಳಲ್ಲಿ ಬಾರ್ಲಿಗೆ ‘ಜವೆಗೋಧಿ’ ಅಂತ ಇದೆ. ಆದರೆ ಉತ್ತರ ಕರ್ನಾಟಕದವರಿಗೆ ಜವೆಗೋಧಿ ಅಂದರೆ ಹುಗ್ಗಿ ಮಾಡುವ ಗೋಧಿ. ಪುಣೆಯ ಅಂಗಡಿಗಳಲ್ಲಿ ಖಪಲಿ ಅಂತ ಮಾರುತ್ತಾರಲ್ಲ, ಅದೇ. ಇಲ್ಲಿರುವ ಕನ್ನಡದವರಲ್ಲಿ ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯವರೇ ಜಾಸ್ತಿ. ‘ಜವೆಗೋಧಿಯಿಂದ ಮಾಡಿದ ಬಿಯರ್’ ಎಂದು ಬರೆದರೆ ಅವರು ಖಪಲಿ ಗೋಧಿಯ ಬಿಯರ್ ಅಂದುಕೊಳ್ಳುತ್ತಾರೆ. ಸುಮ್ನೆ ಬಾರ್ಲಿ ಎಂದೇ ಬರೆಯೋಣ. ಇದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ಮಾಲ್ಟಿ. ದಾರಿ ತೋರಿಸಿದವರು ವಿಜಯಪುರದ ಒಬ್ಬ ಗೆಳೆಯರು. ಒಂದು ಗುಟುಕು ಕುಡಿದು, ಗ್ಲಾಸನ್ನು ಮತ್ತೆ ಮೂಗಿಗೆ ಹಿಡಿದು ಅಂದರು: “ರೊಟ್ಟಿ ಸುಡುಮುಂದ ಬರ್ತೈತಲ್ರೀ, ಆ ವಾಸ್ನಿ ಐತಿ ನೋಡ್ರಿ ಇದರಾಗ.” ಎಷ್ಟು ಸರಿಯಾಗಿ ಹೇಳಿದರು! (ಅವರ ಕಡೆ ವಾಸನೆ ಅಂದರೆ ಒಳ್ಳೆಯದೂ ಹೌದು. ಮೈಸೂರು ಕಡೆಯವರು ಅದನ್ನೇ ಓದಿದರೆ ಬಿಯರ್ ಕೆಟ್ಟಿದೆ ಅಂದುಕೊಂಡಾರು. ಅದಕ್ಕೇ ‘ಘಮ’ ವಾಸಿ.)

ಆ ಮಾತು ಕೇಳಿದ ಮೇಲೆ ಹುರಿಯುವ ಕೆಲಸದ ಪದಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ನಮ್ಮಲ್ಲಿ ಹಂತ ಹಂತಕ್ಕೂ ಮಾತಿದೆ. ರವೆಯನ್ನು ಬೆಚ್ಚಗೆ ಮಾಡುತ್ತೇವೆ. ಹೆಸರುಬೇಳೆಯನ್ನು ಘಮ್ ಅನ್ನುವ ತನಕ ಹುರಿಯುತ್ತೇವೆ. ಸಾರಿನಪುಡಿಗೆ ಕಡಲೆಬೇಳೆಯನ್ನು ಕೆಂಪಗೆ ಹುರಿಯುತ್ತೇವೆ. ಅದು ದಾಟಿದರೆ ಸೀದು ಹೋಯಿತು. ಇನ್ನೂ ದಾಟಿದರೆ ಕರಕಲು. ಮಾಲ್ಟ್ ಮಾಡುವವರ ಲೆಕ್ಕವೂ ಹೀಗೇ ಸಾಗುತ್ತದೆ. ತಿಳಿ ಬಣ್ಣದ ಬಿಯರ್‌ಗೆ ಹಾಕುವ ಪಿಲ್ಸನರ್ ಮಾಲ್ಟನ್ನು ಕೊನೆಗೆ ಸುಮಾರು 80ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸುತ್ತಾರೆ, ನಮ್ಮ ‘ಬೆಚ್ಚಗೆ’ ಅಂದ ಹಾಗೆ. ವಿಯೆನ್ನಾ ಮಾಲ್ಟ್ ಅದಕ್ಕಿಂತ ಒಂದು ಕೈ ಮೇಲೆ. ಮ್ಯೂನಿಕ್ ಮಾಲ್ಟ್ 100 ಡಿಗ್ರಿಯ ಹತ್ತಿರ ಹೋಗಿ ದಾಟುತ್ತದೆ. ಅದು ಸರಿಯಾಗಿ ‘ಕೆಂಪಗೆ’. ಸ್ಟೌಟ್ ಎಂಬ ಕಪ್ಪು ಬಿಯರ್‌ಗೆ ಹಾಕುವ ಕಪ್ಪು ಮಾಲ್ಟ್ 200 ದಾಟಿ ಕರಕಲಿನ ಅಂಚಿಗೆ ಬಂದಿರುತ್ತದೆ. ಅಕ್ಟೋಬರ್‌ಫೆಸ್ಟ್ ಲಾಗರ್‌ನ ಜೀವ ಇರುವುದು ವಿಯೆನ್ನಾ, ಮ್ಯೂನಿಕ್ ಮಾಲ್ಟ್‌ಗಳಲ್ಲಿ. ಅಂದರೆ ಕೆಂಪಗಾದ ಹಂತದಲ್ಲಿ, ಸೀಯುವ ಮೊದಲು.

ಹಾಗಾಗಿ ನನ್ನ ಸಲಹೆ ‘ಹುರಿಘಮ’. ಹುರಿಗಾಳು, ಹುರಿಹಿಟ್ಟು, ಹುರಿಗಡಲೆ ಇವೆಯಲ್ಲ, ಅದೇ ಜಾಡು. ಮಾಲ್ಟಿ ಅನ್ನುವ ಕಡೆ ‘ಹುರಿಘಮದ ಲಾಗರ್’ ಎಂದರೆ ಸಕ್ಕರೆಯ ನೆನಪು ಬರುವುದಿಲ್ಲ, ಕಾಳಿನ ನೆನಪು ಬರುತ್ತದೆ. ಒಂದೇ ಅಡ್ಡಿ ಇದೆ. ಮ್ಯೂನಿಕ್‌ನಲ್ಲಿ ಈಗ ಹಬ್ಬದ ಡೇರೆಗಳಲ್ಲಿ ಕೊಡುವ ಬಿಯರ್ ತಾಮ್ರದ ಬಣ್ಣದ್ದಲ್ಲ, ಹೊಂಬಣ್ಣದ್ದು. ಅದರಲ್ಲೂ ಮಾಲ್ಟ್ ಮುಂದಿದೆ, ಆದರೆ ಹುರಿದ ಘಮ ಕಮ್ಮಿ. ಹಸಿ ಹಿಟ್ಟಿನ, ಜೇನಿನ ಕಡೆಗೆ ವಾಲಿದ ಘಮ. ಅದಕ್ಕೆ ಹುರಿಘಮ ಎಂದರೆ ಸುಳ್ಳಾಗುತ್ತದೆ. ‘ಕಾಳಿನ ಘಮ’ ಎನ್ನಬಹುದಾ? ಇಲ್ಲಿ ನಿಮ್ಮ ನೆರವು ಬೇಕು.

ಸ್ಟ್ರಾಂಗ್ ಇದಕ್ಕಿಂತ ಕಷ್ಟ. ನಮ್ಮ ದೇಶದಲ್ಲಿ ಬಾಟಲಿ ಮೇಲೆ ಸ್ಟ್ರಾಂಗ್ ಅಂತ ಇದ್ದರೆ ಅರ್ಥ ಒಂದೇ: ಆಲ್ಕೋಹಾಲ್ 5 ಪರ್ಸೆಂಟ್‌ಗಿಂತ ಜಾಸ್ತಿ, 8ರ ಒಳಗೆ. ಅಕ್ಟೋಬರ್‌ಫೆಸ್ಟ್ ಲಾಗರ್ ಸಾಮಾನ್ಯವಾಗಿ 5.6ರಿಂದ 6.3 ಇರುತ್ತದೆ. ಆ ಲೆಕ್ಕದಲ್ಲಿ ಸ್ಟ್ರಾಂಗೇ. ಆದರೆ ಅಂಗಡಿಯ ಸ್ಟ್ರಾಂಗ್ ಬಿಯರ್ ಅನೇಕ ಸಲ ಬಾಯಿಗೆ ತೆಳು, ತಲೆಗೆ ಜೋರು. ಇದು ಬಾಯಿಗೇ ತುಂಬಿಕೊಂಡಿರುತ್ತದೆ. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ಹೇಗೆ?

‘ಕಡಕ್’ ಪುಣೆಯಲ್ಲಿ ಎಲ್ಲರ ಬಾಯಲ್ಲೂ ಇದೆ, ಕಡಕ್ ಚಹಾದಿಂದ. ಉತ್ತರ ಕರ್ನಾಟಕದಲ್ಲೂ ಇದೆ. ಆದರೆ ಕಡಕ್ ರೊಟ್ಟಿ ಅಂದರೆ ಒಣಗಿ ಗರಿಗರಿಯಾದದ್ದು. ಕಡಕ್ ಮೇಷ್ಟ್ರು ಅಂದರೆ ಬಿರುಸಿನವರು. ಪದದಲ್ಲೇ ಒಂದು ಒರಟುತನ ಇದೆ. ಈ ಲಾಗರ್‌ನಲ್ಲಿ ಅದಿಲ್ಲ. ಒಳ್ಳೆಯದಾದರೆ ನಾಲಿಗೆ ಮೇಲೆ ಮೆತ್ತಗೆ ಜಾರುತ್ತದೆ, ಆಲ್ಕೋಹಾಲ್‌ನ ಚುರುಕು ಗಂಟಲಿಗೆ ತಾಗಲೇಬಾರದು. ತಾಗಿದರೆ ಅದು ಬಿಯರ್‌ನ ದೋಷ.

ನನಗೆ ‘ಗಟ್ಟಿ’ ಇಷ್ಟ. ಇದಕ್ಕೆ ಇತಿಹಾಸದ ಬಲವೂ ಇದೆ. ಮ್ಯೂನಿಕ್ ಇರುವ ಬವೇರಿಯಾದಲ್ಲಿ 1553ರಲ್ಲಿ ಒಂದು ಕಟ್ಟಳೆ ಬಂತು. ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಮಾತ್ರ ಬಿಯರ್ ಮಾಡಬೇಕು ಅಂತ. ಬೇಸಿಗೆಯಲ್ಲಿ ಮಾಡಿದ್ದು ಬೇಗ ಕೆಡುತ್ತಿತ್ತು. ಹಾಗಾಗಿ ಮಾರ್ಚ್‌ನಲ್ಲಿ ಮಾಡುವ ಬಿಯರ್ ಇಡೀ ಬೇಸಿಗೆ ತಾಳಬೇಕಿತ್ತು. ಅದಕ್ಕೆ ಮಾಲ್ಟ್ ಜಾಸ್ತಿ, ಹಾಪ್ಸ್ ಜಾಸ್ತಿ ಹಾಕಿ ತಂಪು ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಉಳಿದದ್ದನ್ನು ಶರತ್ಕಾಲದಲ್ಲಿ ಖಾಲಿ ಮಾಡುತ್ತಿದ್ದರು. ನಮ್ಮ ಅಕ್ಟೋಬರ್‌ಫೆಸ್ಟ್ ಲಾಗರ್‌ನ ಮೂಲ ಇದೇ. ಅಂದರೆ ಅಲ್ಲಿ ಸ್ಟ್ರಾಂಗ್ ಆದದ್ದು ಅಮಲಿಗಾಗಿ ಅಲ್ಲ, ಬಾಳಿಕೆಗಾಗಿ. ಕನ್ನಡದ ಗಟ್ಟಿ ಬಾಯಿ ತುಂಬುವುದನ್ನೂ ಬಾಳಿಕೆಯನ್ನೂ ಹಿಡಿಯುತ್ತದೆ. ಗಟ್ಟಿ ಮಜ್ಜಿಗೆ ಎಂದರೆ ನೀರಾಗಿಲ್ಲ. ಗಟ್ಟಿ ಬಟ್ಟೆ ಎಂದರೆ ಬಾಳಿಕೆ ಬರುತ್ತದೆ. ಆಲ್ಕೋಹಾಲ್ ಬಗ್ಗೆ ಹೇಳುವಾಗ ಮಾತ್ರ ಬೇರೆಯಾಗಿ ‘ಅಮಲು ಜಾಸ್ತಿ’ ಎಂದು ಬರೆದರಾಯಿತು. ‘ಗಟ್ಟಿ ಲಾಗರ್, ಅಮಲು ಮಧ್ಯಮ’ ಎಂದು ಬರೆದರೆ ಯಾರಿಗೂ ಗೊಂದಲವಾಗುವುದಿಲ್ಲ ಅಲ್ವಾ?

ಆ ಮಾರ್ಚ್ ಬಿಯರ್‌ಗೆ ಜರ್ಮನ್ನಿನಲ್ಲಿ ಮಾರ್ಚ್ ತಿಂಗಳಿನ ಹೆಸರೇ ಇದೆ. ಪುಣೆಯಲ್ಲಿ ಬಡಿಸುವ ಹುಡುಗರು ‘ಮಾರ್ಜೆನ್’ ಅನ್ನುತ್ತಾರೆ. ಜರ್ಮನ್ ಉಚ್ಚಾರ ‘ಮೆರ್ಟ್ಸನ್’ ಹತ್ತಿರ. ಪುಣೆ ಹತ್ತಿರದ ಚಾಕಣದ ಜರ್ಮನ್ ಕಂಪನಿಗಳಿಂದಾಗಿ ಇಲ್ಲಿ ಜರ್ಮನ್ ಕಲಿತವರು ಬಹಳ, ಅವರು ಬಿಡುವುದಿಲ್ಲ. ನಾವು ಮೆರ್ಟ್ಸನ್ ಎಂದೇ ಬರೆಯುತ್ತಿದ್ದೇವೆ. ಅಕ್ಟೋಬರ್‌ಫೆಸ್ಟ್ ಶುರುವಾದದ್ದು 1810ರಲ್ಲಿ, ರಾಜಕುಮಾರ ಲುಡ್‌ವಿಗ್ ಮತ್ತು ತೆರೇಸ ಅವರ ಮದುವೆಯ ಸಂಭ್ರಮದಿಂದ. ತಾಮ್ರದ ಬಣ್ಣದ ಮೆರ್ಟ್ಸನ್ ಆ ಮೈದಾನಕ್ಕೆ ಬಂದದ್ದು 1872ರಲ್ಲಿ. ಹೆಸರು ಅಕ್ಟೋಬರ್ ಆದರೂ ಹಬ್ಬ ಸೆಪ್ಟೆಂಬರ್‌ನಲ್ಲೇ ಶುರುವಾಗುತ್ತದೆ. ಪುಣೆಯಲ್ಲಂತೂ ಅಕ್ಟೋಬರ್ 2 ಡ್ರೈ ಡೇ.

ಲಾಗರ್ ಎಂಬ ಪದವನ್ನು ಹಾಗೇ ಇಟ್ಟುಕೊಳ್ಳೋಣ. ಆದರೆ ವಿವರಿಸುವಾಗ ‘ತಿಳಿ ಬಿಯರ್’ ಎನ್ನುವುದು ಬೇಡ. ಲಾಗರ್ ಎಂಬುದಕ್ಕೆ ಜರ್ಮನ್ನಿನಲ್ಲಿ ಕೂಡಿಡುವುದು ಎಂಬ ಅರ್ಥ. ಸೊನ್ನೆ ಡಿಗ್ರಿಯ ಹತ್ತಿರದ ತಂಪಿನಲ್ಲಿ ವಾರಗಟ್ಟಲೆ ಇಟ್ಟ ಬಿಯರ್, ಬಣ್ಣ ಯಾವುದಾದರೂ ಆಗಬಹುದು. ‘ಮಾಗಿಸಿದ ಬಿಯರ್’ ಎಂದರೆ ಚೆನ್ನಾಗಿ ಹೊಂದುತ್ತದೆ. ಮಾಗಿ ಅಂದರೆ ಚಳಿಗಾಲ ಕೂಡ. ಎರಡರ ಮೂಲ ಬೇರೆ ಬೇರೆ, ಆದರೂ ಕಿವಿಗೆ ಒಟ್ಟಿಗೆ ಬಂದರೆ ಹಿತ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಎಲ್ಲರೂ ಕೈ ಜೋಡಿಸಬೇಕು. ಬ್ರೂವರಿಗೆ ‘ಭಟ್ಟಿ’ ಎಂದು ಬರೆಯುವುದನ್ನು ಬಿಡೋಣ. ಭಟ್ಟಿ ಇಳಿಸುವುದು ಎಂದರೆ ಆವಿ ಮಾಡಿ ತಣಿಸಿ ತೆಗೆಯುವುದು. ಸಾರಾಯಿ ಹಾಗೆ ಬರುತ್ತದೆ. ಬಿಯರ್ ಹಾಗಲ್ಲ, ಅದು ಹುದುಗಿ ಆಗುವಂಥದ್ದು, ಕಳ್ಳಿನ ಕುಲದ್ದು. ಇನ್ನೊಂದು ಪದ ಡಿಕಾಕ್ಷನ್. ಹಳೆಯ ಜರ್ಮನ್ ಕ್ರಮದಲ್ಲಿ ಮಾಲ್ಟ್ ಕಲಸಿದ ರಾಡಿಯ ಒಂದು ಭಾಗ ತೆಗೆದು, ಕುದಿಸಿ, ಮತ್ತೆ ಅದಕ್ಕೇ ಸೇರಿಸುತ್ತಾರೆ. ಹುರಿಘಮ ಇದರಿಂದ ಇನ್ನಷ್ಟು ಏರುತ್ತದೆ. ಅದಕ್ಕೂ ಡಿಕಾಕ್ಷನ್ ಅಂತಲೇ ಹೆಸರು. ನಮ್ಮ ಕಾಫಿ ಡಿಕಾಕ್ಷನ್ ಕುದಿಸಿದ್ದಲ್ಲ, ಫಿಲ್ಟರ್‌ನಲ್ಲಿ ಇಳಿದದ್ದು. ಟಿಪ್ಪಣಿಯಲ್ಲಿ ಆ ಪದ ಹಾಕಿದರೆ ಎಲ್ಲರಿಗೂ ಕಾಫಿಯೇ ಕಾಣುತ್ತದೆ. ‘ಕುದಿಸಿ ಸೇರಿಸುವುದು’ ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಸಿಕ್ಕರೆ ತಿಳಿಸಿ.

ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸುವ ಮನೆಗಳು ನಿಮ್ಮಲ್ಲಿ ಇರಬೇಕು. ಆ ಮೊಳಕೆ ರಾಗಿಯನ್ನು ಹುರಿಯುವಾಗ, ಸಾಕು ಇಳಿಸು ಎನ್ನುವ ಹದಕ್ಕೆ ನಿಮ್ಮ ಅಜ್ಜಿ, ಅಮ್ಮ, ಅವ್ವ ಏನನ್ನುತ್ತಾರೆ? ಆ ಘಮಕ್ಕೆ ಬೇರೆ ಹೆಸರುಂಟಾ? ಹಾಸನ, ತುಮಕೂರು, ಕೋಲಾರ ಕಡೆಯವರು ಮುಖ್ಯವಾಗಿ ಬರೆಯಿರಿ. ಪದದ ಜೊತೆಗೆ ಊರಿನ ಹೆಸರನ್ನೂ ಹಾಕಿ.