ಅಪ್‌ಡೇಟ್: ಕಡಲಕುದುರೆ ಇಲ್ಲ, ಪಾಚಿ ಇದೆ

ಮಡಿಕೇರಿಯ ಮನೆಯಲ್ಲಿ, ಉಪ್ಪುನೀರಿನ ತೊಟ್ಟಿಯಲ್ಲಿ ಕಡಲಕುದುರೆ ಸಾಕಬಹುದೇ, ಜೊತೆಗೆ ಯಾವ ಕಡಲಪಾಚಿ ಬೆಳೆಸಲಿ ಎಂದು ಕೇಳಿದ್ದೆ. ಕುದುರೆಯ ಮಾತು ಮುಗಿಯಿತು: ನಮ್ಮ ಕಡಲಿನ ಕಡಲಕುದುರೆಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ‘ಯಾರು ನೋಡುತ್ತಾರೆ ಸಾರ್’ ಎಂದ ಮಾರಾಟಗಾರನಿಗೆ ದೂರದಿಂದಲೇ ಕೈಮುಗಿದೆ.

ಈಗ ತೊಟ್ಟಿಯಲ್ಲಿ ಪಾಚಿಯದೇ ದರಬಾರು. ಅಂದವೆಲ್ಲ ಕೆಂಪು ಗ್ರಾಸಿಲೇರಿಯಾದ್ದು. ಕೀಟೊಮಾರ್ಫಾ ತಂತಿಯ ಸಿಕ್ಕಿನಂತೆ ಉಬ್ಬುತ್ತದೆ; ಹಿಡಿಗಟ್ಟಲೆ ಕಿತ್ತು ಎಸೆದರೆ ಅದು ಹೀರಿದ, ನೀರು ಕೆಡಿಸುವ ನೈಟ್ರೇಟೂ ಹೊರಹೋಗುತ್ತದೆ. ಕಾಲರ್ಪಾ ಎಂಬ ಪಾಚಿ ಬೇಡವೆಂದೆ. ಸಂತಾನಾಣು ಬಿಡುವ ಹೊತ್ತಿಗೆ ಅದು ರಾತ್ರೋರಾತ್ರಿ ಬಿಳಿಚಿ, ಹೀರಿದ್ದನ್ನೆಲ್ಲ ನೀರಿಗೇ ಸುರಿಯುತ್ತದೆ.

ನಮ್ಮ ಮಳೆಗಾಲಕ್ಕೆ ಬೇಕಾದದ್ದು ಚಿಲ್ಲರ್ ಅಲ್ಲ, ಹೀಟರ್. ಅದಕ್ಕಿಂತ ಮೊದಲು, ಕರೆಂಟು ಹೋದಾಗ ಓಡುವ ಬ್ಯಾಟರಿ ಏರ್‌ಪಂಪು. ಮುಂದೆ ಒಂದು ಜೋಡಿ ಕ್ಲೌನ್‌ಫಿಶ್ ಬಿಡುತ್ತೇನೆ. ಪಾಚಿ ಮೇಯುವ ಟ್ಯಾಂಗ್ ಮೀನನ್ನಂತೂ ತರುವುದಿಲ್ಲ.