14 ಜನ, ಎಲ್ಲದಕ್ಕೂ ನಾನೇ ಬೇಕು: ಕೋಚ್ ಹಿಡಿಯಲಾ, ಮ್ಯಾನೇಜರ್ ಇಡಲಾ?

ಒಂಟಿ ಎತ್ತು: ಆರು ವರ್ಷದ ಕಂಪನಿ ನಮ್ಮದು, 14 ಜನ ಇದ್ದಾರೆ. ಕೊಟೇಶನ್ನಿಂದ ಹಿಡಿದು ರಜೆ ಚೀಟಿಯವರೆಗೆ ಎಲ್ಲವೂ ನನ್ನ ಮೇಜಿಗೇ ಬರುತ್ತದೆ. ಹೋದ ವಾರ ಎರಡು ದಿನ ಜ್ವರ ಅಂತ ಮಲಗಿದೆ, ಮೂರು ಡಿಸ್ಪ್ಯಾಚ್ ನಿಂತುಹೋದವು. ಲೀಡರ್‌ಶಿಪ್ ಕೋಚ್ ಹಿಡಿಯಲಾ, ಇಲ್ಲಾ ಹೊರಗಿನಿಂದ ಮ್ಯಾನೇಜರ್ ತರಲಾ? ಅನುಭವ ಇದ್ದವರು ಹೇಳಿ.

ಸುಟ್ಟ ಕೈ: ಮ್ಯಾನೇಜರ್ ಮಾತೇ ಎತ್ತಬೇಡಿ. ನಾನು ತಂದು ನೋಡಿದ್ದೇನೆ. ಹುಡುಕುವುದಕ್ಕೇ ನಾಲ್ಕು ತಿಂಗಳು. ಏಜೆನ್ಸಿಗೆ ಅವನ ಎರಡು ತಿಂಗಳ ಸಂಬಳದಷ್ಟು. ಅವನ ಸಂಬಳವೋ, ನಾನು ತೆಗೆದುಕೊಳ್ಳುತ್ತಿದ್ದುದರ ಒಂದೂವರೆ ಪಟ್ಟು. ಲ್ಯಾಪ್‌ಟಾಪ್ ಬೇರೆ, ಕುರ್ಚಿ ಬೇರೆ. ಕುರ್ಚಿ ಅವನೇ ಆರಿಸಿದ್ದು, ತಲೆಗೆ ಆನಿಸಿಕೊಳ್ಳಲು ದಿಂಬು ಇರುವಂಥದ್ದು. ಮೊದಲ ತಿಂಗಳು ಬರೀ ಮೀಟಿಂಗ್. ಎರಡನೇ ತಿಂಗಳು ಎಲ್ಲರಿಗೂ ರ‍್ಯಾಂಕ್ ಕೊಟ್ಟ. ಮೇಲಿನ 20 ಪರ್ಸೆಂಟ್, ನಡುವಿನ 70, ಕೆಳಗಿನ 10 ಮನೆಗೆ ಅಂತ, ಅಮೆರಿಕದ ಜಿಇ ಕಂಪನಿಯಲ್ಲಿ ಮುಖ್ಯಸ್ಥನಾಗಿದ್ದ ಜಾಕ್ ವೆಲ್ಚ್ ಮಾಡಿದ ಲೆಕ್ಕ. ಅಲ್ಲಿ ಲಕ್ಷಗಟ್ಟಲೆ ಜನ, ನಮ್ಮಲ್ಲಿ 11! ಹತ್ತು ಪರ್ಸೆಂಟ್ ಅಂದರೆ ಒಬ್ಬನೇ. ಆ ಒಬ್ಬ ಒಂಬತ್ತು ವರ್ಷದಿಂದ ಸ್ಟೋರ್ ನೋಡುತ್ತಿದ್ದವನು. ಅವನು ಹೋದ ಮೇಲೆ ಯಾವ ಡಬ್ಬಿಯಲ್ಲಿ ಯಾವ ಬೋಲ್ಟ್ ಇದೆ ಅಂತ ಹುಡುಕೋಕೆ ಮೂರು ವಾರ ಹಿಡಿಯಿತು. ಏಳನೇ ತಿಂಗಳು ಮ್ಯಾನೇಜರೂ ಹೋದ. ಕುರ್ಚಿ ಮಾತ್ರ ಇದೆ.

ಖಡಕ್ ಮಾತು: ರ‍್ಯಾಂಕಿಂಗ್ ತಪ್ಪಲ್ಲ ಸರ್, ನೀವು ಅದನ್ನು ಬಳಸಿದ್ದು ತಪ್ಪು. ನಾನು 40 ಜನರ ಮೇಲೆ ಮೂರು ವರ್ಷ ಮಾಡಿದ್ದೇನೆ. ಸೋಮಾರಿಗಳು ತಾವಾಗಿಯೇ ಜಾಗ ಖಾಲಿ ಮಾಡಿದರು.

ಸುಟ್ಟ ಕೈ: ಅಷ್ಟು ಚೆನ್ನಾಗಿದ್ದರೆ ಮೈಕ್ರೋಸಾಫ್ಟ್ 2013ರಲ್ಲಿ ಯಾಕೆ ಕೈಬಿಟ್ಟಿತು? ಜಾಗ ಖಾಲಿ ಮಾಡಿದವರು ಸೋಮಾರಿಗಳೇ ಅಂತ ನಿಮಗೆ ಹೇಳಿದ್ದು ಯಾರು, ಉಳಿದವರಾ?

ಖಡಕ್ ಮಾತು: ನಿಮ್ಮ ಸ್ಟೋರಿನವನ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡಿ.

ನಿಧಾನಿ: ನನ್ನದು ಕೋಚ್ ಕತೆ. 12 ಸೆಷನ್, ಮೊದಲ ನಾಲ್ಕು ದಂಡ. ಐದನೆಯದಕ್ಕೆ ಆಕೆ ನನ್ನ ಜನರಿಂದ ಹೆಸರಿಲ್ಲದೆ ಬರೆಸಿಕೊಂಡು ಬಂದರು. ಒಂದು ಚೀಟಿಯಲ್ಲಿ, 'ಮೇಡಂ ಪ್ರಶ್ನೆ ಕೇಳುತ್ತಾರೆ, ನಾವು ಉತ್ತರ ಮುಗಿಸುವ ಮೊದಲೇ ಫೋನ್ ನೋಡುತ್ತಾರೆ' ಅಂತ ಇತ್ತು. ಹೆಸರಿಲ್ಲದಿದ್ದರೇನು, ಯಾರು ಅಂತ ಗೊತ್ತಾಯಿತು. ಎರಡು ದಿನ ಅವಳ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ನನ್ನದೇ ತಪ್ಪು. ಆಮೇಲೆ ಯಾವ ನಿರ್ಧಾರ ನನ್ನ ಹತ್ತಿರ ಬರಕೂಡದು ಅಂತ ಕೂತು ಬರೆದೆ. ಒಟ್ಟು 17. ಮೊದಲ ತಿಂಗಳು ಎರಡು ಕೊಟೇಶನ್ನಲ್ಲಿ ಸಾಗಣೆ ಖರ್ಚು ಹಾಕುವುದೇ ಮರೆತರು. ಬಾಯಿ ಕಚ್ಚಿಕೊಂಡು ಸುಮ್ನೆ ಇದ್ದೆ. ಮೂರನೆಯದರಲ್ಲಿ ಮರೆಯಲಿಲ್ಲ.

ಗಂಟೆ ಕಟ್ಟಿದವನು: ಸುಮ್ನೆ ಇರುವುದು ಅಷ್ಟು ಸುಲಭ ಅಲ್ಲ ಅಕ್ಕ. ಟೊಯೋಟಾದಲ್ಲಿ ತೊಂದರೆ ಕಂಡರೆ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆಯಬಹುದು, ಲೀಡರ್ ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಅದನ್ನು ಓದಿ ನಾನೂ ಪ್ಯಾಕಿಂಗ್ ಹತ್ತಿರ ಗಂಟೆ ಕಟ್ಟಿಸಿದೆ. ಮೊದಲ ದಿನವೇ ಒಬ್ಬ ಬಾರಿಸಿದ. 'ಇಷ್ಟಕ್ಕೆಲ್ಲಾ ಬಾರಿಸೋದಾ?' ಅಂತ ಬಾಯಿ ತಪ್ಪಿ ಕೇಳಿಬಿಟ್ಟೆ. ಆಮೇಲೆ ಐದು ತಿಂಗಳು ಗಂಟೆ ಸದ್ದೇ ಇಲ್ಲ. ಲೇಬಲ್ ತಪ್ಪಿದ 600 ಪೆಟ್ಟಿಗೆ ವಾಪಸ್ ಬಂದವು. ಹೋಗಿ ಬರುವ ಬಾಡಿಗೆ ನನ್ನದೇ, ಹೊಸ ಲೇಬಲ್ ನನ್ನದೇ, ಎರಡು ಭಾನುವಾರದ ಓವರ್‌ಟೈಮೂ ನನ್ನದೇ.

ಗಣಿತ ಮೇಷ್ಟ್ರು: ಪ್ರಶ್ನೆ ಕೇಳಿದವರಿಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ? 1933ರಲ್ಲಿ ಗ್ರೈಕುನಾಸ್ ಅನ್ನುವವರು ಒಂದು ಸೂತ್ರ ಕೊಟ್ಟರು. ಒಬ್ಬರ ಕೆಳಗೆ ಐದು ಜನ ಇದ್ದರೆ ಅವರವರ ನಡುವಿನದು, ಗುಂಪುಗುಂಪಿನ ಜೊತೆಗಿನದು ಎಲ್ಲಾ ಸೇರಿ 100 ಸಂಬಂಧ. ಆರನೆಯವನು ಬಂದರೆ 222. ನಿಮ್ಮ 14ಕ್ಕೆ ಹಾಕಿ ನೋಡಿದೆ: 1,14,870. ನಡುವೆ ಮೂವರನ್ನು ನಿಲ್ಲಿಸಿ, ಒಳಗಿನವರನ್ನೇ.

ಖಡಕ್ ಮಾತು: 14 ಜನ ಇರುವ ಕಡೆ ಲಕ್ಷ ಸಂಬಂಧ! ಮೇಷ್ಟ್ರೇ, ನೀವು ಎಷ್ಟು ಜನರಿಗೆ ಸಂಬಳ ಕೊಟ್ಟಿದ್ದೀರಿ?

ಗಣಿತ ಮೇಷ್ಟ್ರು: ಒಂಬತ್ತು ಜನರಿಗೆ, 11 ವರ್ಷ. ಒಂದು ತಿಂಗಳೂ ತಡ ಮಾಡಿಲ್ಲ. ನಿಮ್ಮ 40ರಲ್ಲಿ ಈಗ ಎಷ್ಟು ಜನ ಇದ್ದಾರೆ?

ಖಡಕ್ ಮಾತು: ಅದು ಇಲ್ಲಿ ಬೇಡದ ವಿಷಯ.

ನಿಧಾನಿ: ನನಗೆ ಬೇಕಾದ ವಿಷಯ. ಹೇಳಿ ಸರ್.

ಒಂಟಿ ಎತ್ತು: ಜಗಳ ಬೇಡ, ದಯವಿಟ್ಟು. ಮೇಷ್ಟ್ರೇ, ಮೂವರಲ್ಲಿ ಒಬ್ಬಳು ರೆಡಿ ಇದ್ದಾಳೆ, ಇನ್ನಿಬ್ಬರು ಬೇಡ ಅನ್ನುತ್ತಾರೆ. ಆಗ ಏನು ಮಾಡುವುದು?

ಗಂಟೆ ಕಟ್ಟಿದವನು: ಅದಿರಲಿ, ಸುಟ್ಟ ಕೈ ಅವರೇ, ಆ ಕುರ್ಚಿ ಕೊಡುತ್ತೀರಾ?

ಸುಟ್ಟ ಕೈ: ಎಡಗೈ ಹಿಡಿ ಅಲ್ಲಾಡುತ್ತದೆ. ಪರವಾಗಿಲ್ಲ ಅಂದರೆ ಮೆಸೇಜ್ ಮಾಡಿ.